ಟ್ರೇಲರ್ ರಿಪೇರಿ ಆದೀತು, ತಪ್ಪಿದ ಪಾಠ?

ದೀಪಾವಳಿ ಮುಗಿಯಿತೆಂದರೆ ನಮ್ಮ ಜತ್ತ ತಾಲೂಕಿನಿಂದ ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುತ್ತವೆ. ಅಸಂಗಿಯಿಂದಲೂ ಹೊರಡುತ್ತವೆ. ಟ್ರೇಲರ್‌ನಲ್ಲಿ ಜೋಳದ ಚೀಲ, ಪಾತ್ರೆ, ತಾಡಪತ್ರಿ, ಅವುಗಳ ಮೇಲೆ ನಮ್ಮ ಶಾಲೆಯ ಮಕ್ಕಳು!

ಸ್ವಂತ ಟ್ರೇಲರ್ ಇಟ್ಟುಕೊಂಡವರ ಕಷ್ಟ ನಮಗೆ ಗೊತ್ತು. ಸಾಲದ ಕಂತು, ಟೈರು, ಬೇರಿಂಗು, ವಿಮೆ. ಹತ್ತಾರು ವರ್ಷ ಬಾಳಲೆಂದು ಖಂಡೆ ಪೂಜೆಗೆ ತೊಳೆದು ಬಣ್ಣ ಹಚ್ಚುತ್ತಾರೆ. ಮಳೆ ಕೈಕೊಡುವ ನಾಡಿನಲ್ಲಿ ಅದೇ ಅನ್ನದ ದಾರಿ. ತಪ್ಪೆನ್ನುವವರು ನಾವಲ್ಲ.

ಆದರೆ ಎಕ್ಸೆಲ್ ಮುರಿದರೆ ವೆಲ್ಡಿಂಗ್ ಅಂಗಡಿ ಇದೆ. ಮೂರನೆಯ ತರಗತಿಯ ಮಗುವಿಗೆ ನಾಲ್ಕು ತಿಂಗಳ ಒತ್ತಕ್ಷರ, ಭಾಗಾಕಾರ ತಪ್ಪಿದರೆ ಜೋಡಿಸುವ ಅಂಗಡಿ ಎಲ್ಲಿದೆ? ಕೊಲ್ಲಾಪುರದ ಕಡೆ ಕಾರಖಾನೆಯ ಹತ್ತಿರ ಶಾಲೆ ಇದ್ದರೂ ಅದು ಮರಾಠಿ ಮಾಧ್ಯಮ. ನಮ್ಮ ಮಗು ಅಲ್ಲಿ ಮೂಕವಾಗಿ ಕೂಡುತ್ತದೆ. ಇಲ್ಲವೇ ಜೋಪಡಿಯಲ್ಲಿ ತಮ್ಮನನ್ನು ಆಡಿಸುತ್ತದೆ. ಹೋಳಿಗೆ ಮರಳಿದಾಗ ಇಲ್ಲಿಯ ಪಾಠವೂ ಮುಂದೆ ಹೋಗಿರುತ್ತದೆ.

2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಸಂಬಂಧಿಸಿದ್ದು. ನಾವು ಶಿಕ್ಷಕರೂ ಗೈರುಹಾಜರಿ ಹಾಕಿ ಸುಮ್ಮನಾದರೆ ನಮ್ಮದೂ ತಪ್ಪೇ. ಟ್ರೇಲರ್ ಹೊರಡುವ ಮೊದಲೇ ಮನೆಮನೆಗೆ ಹೋಗಬೇಕು.

ಪಾಲಕರೆ, ಅಜ್ಜ-ಅಜ್ಜಿ ಇದ್ದರೆ ಮಗುವನ್ನು ಅವರ ಹತ್ತಿರ ಬಿಟ್ಟು ಹೋಗಿರಿ. ಇಲ್ಲದಿದ್ದರೆ ಹಂಗಾಮಿ ವಸತಿಗೃಹದ ಬಗ್ಗೆ ಮುಖ್ಯಾಧ್ಯಾಪಕರನ್ನು ದಸರೆಯೊಳಗೇ ಕೇಳಿರಿ. ಟ್ರೇಲರ್‌ನ ಖರ್ಚು ಬರೆಯುವ ವಹಿಯಲ್ಲಿ ಮಗುವಿನ ಆ ನಾಲ್ಕು ತಿಂಗಳನ್ನೂ ಬರೆದು ನೋಡಿರಿ. ಲಾಭವೆಷ್ಟು ಉಳಿಯಿತು?