ದೇವರನ್ನು ಬಿಟ್ಟು ಯಾವ ಪುಸ್ತಕ ಓದೋಣ?

ಅಂಕೋಲೆ ಹತ್ತಿರದ ಭಾವಿಕೇರಿಯಲ್ಲಿ ಆಗಾಗ ಯಾರದಾದರೂ ಜಗಲಿಯಲ್ಲಿ ಕೂತು ಓದಿದ ಪುಸ್ತಕಗಳ ಬಗ್ಗೆ ಮಾತಾಡುವ ನಾಲ್ಕಾರು ಜನರಿದ್ದೇವೆ. ಈ ವಾರ ವಾಟ್ಸಾಪಿನಲ್ಲಿ ಬಂದ ಕರೆಯ ಕೊನೆಗೆ ಹೊಸದೊಂದು ಸಾಲು ಸೇರಿಕೊಂಡಿತ್ತು: ‘ದಯವಿಟ್ಟು ದೇವರು, ಧರ್ಮದ ವಿಷಯ ತೆಗೆಯಬೇಡಿ.’ ಓದಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಬರೆದವರು ಕೆಟ್ಟವರಲ್ಲ, ಹೆದರಿದ್ದಾರೆ. ಲೇಖಕಿ ಬಾನು ಮುಷ್ತಾಕ್ ಅವರನ್ನು ಮೈಸೂರು ದಸರಾ ಉದ್ಘಾಟನೆಗೆ ಕರೆದಾಗ ಎದ್ದ ಗದ್ದಲ, ಅದು ಸುಪ್ರೀಂ ಕೋರ್ಟಿನ ತನಕ ಹೋದದ್ದು ಎಲ್ಲರಿಗೂ ನೆನಪಿದೆ. ಆದರೆ ಆ ಹೆದರಿಕೆಗೆ ಅಂಕೋಲೆಯ ಜಗಲಿಯಲ್ಲೂ ಮಣೆ ಹಾಕಿ ಕೂರಿಸಬೇಕೆ?

ನಮ್ಮ ಕಡೆಯ ತಾಳಮದ್ದಲೆ ಕೇಳಿದವರು ಹೇಳಲಿ. ವಾಲಿಯ ಅರ್ಥಧಾರಿ ಬಾಣ ನಾಟಿದ ಎದೆಯಲ್ಲೇ ರಾಮನನ್ನು ಹಿಡಿದು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು. ರಾಮನಾದವನಿಗೆ ಉತ್ತರ ಬಾಯಲ್ಲೇ ಇರಬೇಕು. ತಡವರಿಸಿದರೆ ಸಭೆ ಬಿಡುವುದಿಲ್ಲ. ಎಷ್ಟೋ ಸಲ ಇದೆಲ್ಲ ನಡೆಯುವುದು ದೇವಸ್ಥಾನದ ಅಂಗಳದಲ್ಲಿ. ವಾಲಿಯ ಮಾತಿಗೆ ತಲೆದೂಗಿದವರೇ ಎದ್ದು ಕೈಮುಗಿದು ಪ್ರಸಾದ ತೆಗೆದುಕೊಂಡು ಮನೆಗೆ ಹೋಗುತ್ತಾರೆ.

ಬಂಕಿಕೊಡ್ಲದ ಹೈಸ್ಕೂಲನ್ನೂ ನೆನೆಯಿರಿ. ಗೌರೀಶ ಕಾಯ್ಕಿಣಿ, ಸು.ರಂ. ಎಕ್ಕುಂಡಿ ಇಬ್ಬರೂ ಅಲ್ಲಿ ಮಾಸ್ತರರಾಗಿದ್ದರು. 1912ರಲ್ಲಿ ಗೋಕರ್ಣದಲ್ಲಿ ಹುಟ್ಟಿದ ಕಾಯ್ಕಿಣಿಯವರು ಮಹಾಬಲೇಶ್ವರನ ಊರಲ್ಲೇ ಇದ್ದುಕೊಂಡು ಎಂ.ಎನ್. ರಾಯ್ ಅವರ, ದೇವರನ್ನು ನೆಚ್ಚದ ಮಾನವತಾವಾದವನ್ನು ಕನ್ನಡಕ್ಕೆ ತಂದರು. ಎಕ್ಕುಂಡಿಯವರು ಮಧ್ವಾಚಾರ್ಯರ ಮೇಲೆ ‘ಶ್ರೀ ಆನಂದತೀರ್ಥರು’ ಕಾವ್ಯ ಬರೆದರು. ಒಂದೇ ಶಾಲೆಯ ಮಕ್ಕಳು ಈ ಇಬ್ಬರಿಂದಲೂ ಪಾಠ ಹೇಳಿಸಿಕೊಂಡರು. ಯಾವ ತಂದೆತಾಯಿಯೂ ಅದರಿಂದ ಮಕ್ಕಳು ಕೆಟ್ಟರು ಎಂದು ಹೇಳಿದ್ದು ನಾನಂತೂ ಕೇಳಿಲ್ಲ.

ಇನ್ನು ನನ್ನ ಹಳೆಯ ತಕರಾರು, ಕಾರವಾರದ ಟ್ಯಾಗೋರ್ ಕಡಲತೀರದ್ದು. ಆ ಹೆಸರು ಯಾಕೆ ಬಂತು ಎಂದರೆ ‘ಅವರು ಬಂದಿದ್ದರಂತೆ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದ ತರುಣ ರವೀಂದ್ರರು. ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋಗಿ, ಹಳೆಯ ಕೋಟೆ ನೋಡಿ, ರೈತನೊಬ್ಬನ ಚೊಕ್ಕ ಅಂಗಳದಲ್ಲಿ ಕೂತು ಉಂಡು, ಬೆಳದಿಂಗಳಲ್ಲಿ ಮರಳಿನ ಮೇಲೆ ನಡೆದು ಮನೆಗೆ ಬಂದದ್ದನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅವರು ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದು ಇಲ್ಲಿಯೇ, ಅಚ್ಚಾದದ್ದು 1884ರಲ್ಲಿ. ಗುಹೆಯಲ್ಲಿ ಕೂತು ಲೋಕವನ್ನೇ ಗೆದ್ದೆ ಎನ್ನುವ ಸನ್ಯಾಸಿ. ಊರೆಲ್ಲ ಮೈಲಿಗೆ ಎಂದು ದೂರ ಅಟ್ಟಿದ ಒಬ್ಬ ಅನಾಥ ಹುಡುಗಿ ಅವನ ಹತ್ತಿರ ಬರುತ್ತಾಳೆ. ಅವನಿಗೆ ಅವಳ ಮೇಲೆ ಮಮತೆ ಹುಟ್ಟುತ್ತದೆ, ಅದಕ್ಕೆ ಹೆದರಿ ಓಡುತ್ತಾನೆ. ತಡೆಯಲಾರದೆ ದಂಡ ಕಮಂಡಲ ಬಿಸುಟು ಹಿಂತಿರುಗುವಷ್ಟರಲ್ಲಿ ಅವಳು ಸತ್ತಿರುತ್ತಾಳೆ. ತಮ್ಮ ಮುಂದಿನ ಬರವಣಿಗೆಗೆಲ್ಲ ಇದೇ ಮುನ್ನುಡಿ ಎಂದು ಟ್ಯಾಗೋರರೇ ಹೇಳಿಕೊಂಡರು. ಕಾರವಾರದ ಮಣ್ಣಲ್ಲಿ ಹುಟ್ಟಿದ ಇಷ್ಟು ದೊಡ್ಡ ದೇವರ ವಿಚಾರ ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ಹೋದ ಬೇಸಿಗೆ ಭಾವಿಕೇರಿಯ ಜಗಲಿಯಲ್ಲಿ ಈ ಕಥೆ ಹೇಳುತ್ತಿದ್ದೆ. ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದ ಆ ಮನೆಯ ಅಜ್ಜಿ ಕತ್ತಿ ಪಕ್ಕಕ್ಕಿಟ್ಟು, “ಮಾಸ್ತರ್ರೆ, ಮನೆ ಬಾಗ್ಲಿಗೆ ಬಂದ ಹುಡ್ಗಿನ ಬಿಟ್ಟಿಕ್ಕಿ ಅವ ದೇವ್ರ ಹುಡುಕುಕೆ ಎಲ್ಲಿಗೆ ಹೋಗಿದ್ದ?” ಎಂದರು. ಆಮೇಲೆ ತಾನು ಸಣ್ಣವಳಿದ್ದಾಗ ಬಾವಿಯ ಹತ್ತಿರ ಬಿಟ್ಟುಕೊಳ್ಳದ ಜನರ ಸುದ್ದಿ ತೆಗೆದರು. ಅವರ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದವಳು ತಾನೇ ಎಂದರು. ದಿನಾ ಬೆಳಗ್ಗೆ ತುಳಸಿಗೆ ನೀರೆರೆಯದೆ ಚಹಾ ಮುಟ್ಟದ ಹೆಂಗಸು. ಎಷ್ಟು ಪ್ರವಚನ ಕೇಳಿದ್ದರೋ, ಆ ಮಾತು ಅವರ ಬಾಯಿಂದ ಬಂದದ್ದು ಒಂದು ನಾಟಕದ ಕಥೆ ಕೇಳಿ. ಹೊಸ ಕಟ್ಟಳೆ ಅಂದೇ ಇದ್ದಿದ್ದರೆ ಅಜ್ಜಿಗೆ ‘ವಿಷಯಾಂತರ ಬೇಡ’ ಎನ್ನುತ್ತಿದ್ದರು.

ಅದೇ ಟ್ಯಾಗೋರ್ ಕಡಲತೀರದ ಮಯೂರವರ್ಮ ವೇದಿಕೆಯಲ್ಲಿ ಕರಾವಳಿ ಉತ್ಸವ ಮಾಡುತ್ತಾರೆ, ದೂರದೂರದ ಗಾಯಕರನ್ನು ಕರೆಸುತ್ತಾರೆ. ಒಂದು ಸಂಜೆ ಈ ನಾಟಕವನ್ನು ಕನ್ನಡದಲ್ಲಿ ಆಡಿಸಲಿ. ಸನ್ಯಾಸಿ ಸೋತದ್ದನ್ನು ನೋಡಿ ಯಾರ ಭಕ್ತಿಗೆ ಧಕ್ಕೆಯಾಗುತ್ತದೋ ಅವರು ಎದ್ದು ನಿಂತು ಹೇಳಲಿ, ಆ ಹುಡುಗಿಯನ್ನು ತಾವಾದರೂ ಒಳಗೆ ಕರೆಯುತ್ತಿದ್ದರೇ ಎಂದು.