ಪಾಸ್ತಾ ಮುರಿಯೋದು ಎಲ್ಲಿ?

ಜರ್ಮನಿಯ ನಮ್ಮ ಮನೆಯಲ್ಲಿ ಹೋದ ವಾರ ಒಂದು ಸಣ್ಣ ಪಂಚಾಯ್ತಿ. ಮಗಳು ಶಾಲೆಯಲ್ಲಿ ಇಟಾಲಿಯನ್ ಕಲೀತಿದ್ದಾಳೆ. ಪದಗಳನ್ನು ಸಿಲಬಲ್‌ಗಳಾಗಿ ಬಿಡಿಸಿ ಅಂದಾಗ ಪಾಸ್ತಾವನ್ನು ‘ಪಸ್-ತ’ ಅಂತ ಬರೆದಿದ್ದಾಳೆ. ಟೀಚರ್ ಅದನ್ನು ಹೊಡೆದುಹಾಕಿ ‘ಪ-ಸ್ತ’ ಅಂತ ತಿದ್ದಿದ್ದಾರೆ. “ಜರ್ಮನ್ ಕ್ಲಾಸಲ್ಲಿ ಹೀಗೆ ಬರೆದ್ರೆ ಸರಿ ಅಂತಾರಲ್ಲಪ್ಪಾ?” ಅಂತ ಅವಳ ತಕರಾರು.

ನಿಯಮದ ಪ್ರಕಾರ ಇಬ್ಬರು ಟೀಚರೂ ಸರಿಯೇ. ಸಾಲಿನ ಕೊನೆಯಲ್ಲಿ ಪದ ಒಡೆಯುವಾಗ ಇಟಾಲಿಯನ್ನಿನಲ್ಲಿ ಎಸ್ ಮುಂದಿನ ವ್ಯಂಜನದ ಜೊತೆ ಹೋಗುತ್ತೆ. ಜರ್ಮನ್‌ನಲ್ಲೂ ಎಸ್-ಟಿ ಜೋಡಿಯನ್ನು ಬಿಡಿಸಬಾರದು ಅಂತಿತ್ತು. 1996ರ ಕಾಗುಣಿತ ಸುಧಾರಣೆ ಆ ನಿಯಮವನ್ನು ಕೈಬಿಟ್ಟಿತು. ಅಂದರೆ ಇದು ಬರಹದ ಒಪ್ಪಂದ. ಅದನ್ನೇ ಉಚ್ಚಾರಣೆಯ ಸತ್ಯ ಅಂತ ಮಕ್ಕಳಿಗೆ ಕಲಿಸೋದಕ್ಕೆ ನನ್ನ ವಿರೋಧ.

ಕಿವಿ ಏನು ಹೇಳುತ್ತೆ ನೋಡಿ. ಇಟಾಲಿಯನ್ನಿನಲ್ಲಿ ಸ್ವರಭಾರ ಬಿದ್ದ ಸಿಲಬಲ್ ಸ್ವರದಲ್ಲಿ ಮುಗಿದರೆ, ಅದು ಪದದ ಕೊನೆಯದಾಗಿರದಿದ್ದರೆ, ಆ ಸ್ವರ ಉದ್ದವಾಗುತ್ತೆ. ಮನೆ ‘ಕಾಸ’, ಅಪ್ಪ ‘ಪಾದ್ರೆ’. ವ್ಯಂಜನದಲ್ಲಿ ಮುಗಿದರೆ ಸ್ವರ ಗಿಡ್ಡ: ಪೆಟ್ಟಿಗೆ ‘ಕಸ್ಸ’. ಪ-ಸ್ತ ಅನ್ನೋದು ನಿಜವಾದ ವಿಭಜನೆ ಆಗಿದ್ದರೆ ‘ಪಾಸ್ತ’ ಅಂತ ಕೇಳಿಸಬೇಕಿತ್ತು. ಆದರೆ ಇಟಲಿಯವರ ಬಾಯಲ್ಲಿ ಅದು ಗಿಡ್ಡ ‘ಪಸ್ತ’. ಎಳೆಯೋರು ನಾವು! ಇನ್ನೊಂದು ಸಾಕ್ಷಿ: ರೈಲಿಗೆ ‘ಇಲ್ ತ್ರೇನೊ’ ಅನ್ನೋರು ವಿದ್ಯಾರ್ಥಿಗೆ ಮಾತ್ರ ‘ಲೊ ಸ್ತುದೆಂತೆ’ ಅಂತಾರೆ. ಆ ಎಸ್‌ಗೆ ಒರಗೋದಕ್ಕೆ ಹಿಂದೆ ಒಂದು ಸ್ವರ ಬೇಕು.

ಈ ವಿಷಯ ಕನ್ನಡಿಗರಿಗೆ ಹೊಸದಲ್ಲ. ‘ಹಸ್ತ’ ಪದವನ್ನು ಬರೆಯೋದು ಹ, ಸ್ತ ಅಂತ. ಆದರೆ ಪ್ರಸ್ತಾರ ಹಾಕುವಾಗ ‘ಹ’ ಗುರು, ಯಾಕಂದ್ರೆ ಮುಂದೆ ಒತ್ತಕ್ಷರ ಇದೆ. ಕಣ್ಣಿಗೆ ಹ-ಸ್ತ, ಕಿವಿಗೆ ಹಸ್-ತ. ‘ಪಾದ್ರೆ’ಯಂಥ ಕಡೆ ನಮ್ಮ ಈ ಲೆಕ್ಕ ಕೈಕೊಡುತ್ತೆ, ಒಪ್ತೀನಿ, ಅಲ್ಲಿ ‘ದ್ರೆ’ ಇಡಿಯಾಗಿ ಮುಂದಕ್ಕೆ ಹೋಗುತ್ತೆ. ಆದರೂ ಹ್ರಸ್ವ-ದೀರ್ಘಕ್ಕೆ ಪಳಗಿದ ಕಿವಿ ದೊಡ್ಡ ಆಸ್ತಿ.

ಸ್ವರಭಾರ ಹಿಡಿಯೋದಕ್ಕೂ ಅದೇ ಆಸರೆ. ಇಟಾಲಿಯನ್ ಬರಹದಲ್ಲಿ ಸಾಮಾನ್ಯವಾಗಿ ಸ್ವರಭಾರ ಪದದ ಕೊನೆಗೆ ಬಿದ್ದಾಗ ಮಾತ್ರ ಗುರುತು ಹಾಕ್ತಾರೆ. ಹಾಗಾಗಿ ಲಂಗರು, ಇನ್ನೂ ಎಂಬ ಎರಡು ಪದಗಳಿಗೂ ಕಾಗುಣಿತ ಒಂದೇ. ಕನ್ನಡದಲ್ಲಿ ಬರೆದು ನೋಡಿ: ಮೊದಲ ಸಿಲಬಲ್ ಮೇಲೆ ಭಾರ ಬಿದ್ದ ‘ಅಂಕೊರ’ ಲಂಗರು; ಎರಡನೆಯದರ ಮೇಲೆ ಬಿದ್ದ ‘ಅಂಕೋರ’ ಇನ್ನೂ. ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಮೊದಲು ಕೇಳಿಸಿ, ಅಡ್ಡಗೆರೆಯ ನಿಯಮ ಆಮೇಲೆ ಕಲಿಸಿ ಅನ್ನೋದು ಟೀಚರುಗಳಲ್ಲಿ ನನ್ನ ಕೋರಿಕೆ. ಮಗಳಿಗೆ ಹೇಳಿದ್ದಿಷ್ಟು: ಪರೀಕ್ಷೆಯಲ್ಲಿ ಪ-ಸ್ತ ಅಂತಲೇ ಬರಿ. ಆದರೆ ನಿನ್ನ ಕಿವಿಗೆ ಕೇಳಿಸಿದ್ದು ತಪ್ಪಲ್ಲ ಮಗಳೇ.