ಬೀರು ಬೀಗದಕೈ ನಮ್ಮತ್ರ ಐತೆ

ಪಿಸ್ತೂಲ್ ಲೈಸೆನ್ಸ್ ಮಾಡಿಸ್ಬೇಕು ಅನ್ನೋ ಗಂಡಸರನ್ನ ನಾನು ಕೇಳೋದು ಒಂದೇ ಮಾತು. ವಾರಕ್ಕೆ ಎಷ್ಟು ದಿನ ಅಭ್ಯಾಸ ಮಾಡ್ತೀರಪ್ಪಾ? ಅಲ್ಲಿಗೆ ಮಾತು ನಿಂತೋಗುತ್ತೆ.

ನಮ್ಮ ಮೈದುನ ಪೀಣ್ಯದಾಗೆ ಲೇತ್ ಶಾಪ್ ಇಟ್ಟವ್ನೆ, ನಿಮಗೆಲ್ಲಾ ಗೊತ್ತಲ್ಲ. ರಾತ್ರಿ ಹತ್ತೂವರೆಗೆ ಶಟರ್ ಎಳೆದು ಒಬ್ನೇ ಬರೋನು. ಎರಡು ತಿಂಗಳ ಹಿಂದೆ ಪಕ್ಕದ ಶೆಡ್ಡಿನೋರಿಗೆ ಚಾಕು ತೋರಿಸಿ ದುಡ್ಡು, ಫೋನು ಎರಡೂ ಕಿತ್ಕಂಡೋದ್ರು. ಆವತ್ತಿಂದ ಇವನಿಗೆ ಪಿಸ್ತೂಲಿನ ಜಪ. ಭಯ ಸುಳ್ಳಲ್ಲ, ಅದನ್ನ ನಾನು ಆಡ್ಕಳಲ್ಲ. ಆದ್ರೆ ಅಭ್ಯಾಸ ಅಂತ ಅವನು ಮಾಡ್ತಿರೋದೇನು? ಫೋನಿನಾಗೆ ಅಮೆರಿಕದೋರ ವಿಡಿಯೋ ನೋಡೋದು, ಮಗನ ಆಟದ ಪಿಸ್ತೂಲ್ ಸೊಂಟಕ್ಕೆ ಸಿಗಿಸ್ಕಂಡು ಕನ್ನಡಿ ಮುಂದೆ ಸರ್ರಂತ ಎಳೆಯೋದು.

ನಾನು ತವರು ಜಿಲ್ಲೇಲಿ ಪೊಲೀಸ್ನೋರು ನಡೆಸೋ ನಾಗರಿಕ ಬಂದೂಕು ತರಬೇತಿಗೆ ಹೋಗಿ ಬಂದೋಳು. ತೋಟಕ್ಕೆ ಹಂದಿ ಬೀಳ್ತವೆ ಅಂತ ನಮ್ಮಪ್ಪನ ಕೋವಿ ಮನೇಲಿತ್ತು, ಅದನ್ನ ಮುಟ್ಟೋರು ಕಲ್ತಿರಲಿ ಅಂತ ಅವ್ರೇ ಕಳಿಸಿದ್ರು. ಮೊದಲ ಮೂರು ದಿನ ಒಂದು ಗುಂಡೂ ಹಾರಿಸಲಿಲ್ಲ ಕಣ್ರಮ್ಮ. ಬಿಚ್ಚೋದು, ಒರೆಸೋದು, ಜೋಡಿಸೋದು, ನೆಲದ ಮೇಲೆ ಬೋರಲು ಮಲಗೋದು. ಕೈಗೆ ತಗಂಡ ತಕ್ಷಣ ಒಳಗೆ ಗುಂಡು ಐತಾ ಅಂತ ತೆಗೆದು ನೋಡ್ಬೇಕು. ಪಕ್ಕದೋನು ಈಗ ತಾನೆ ನೋಡಿ ಕೊಟ್ಟಿದ್ರೂ ನೋಡ್ಬೇಕು. ಬಾಯಿ ಯಾರ ಕಡೆಗೂ ತಿರುಗಬಾರದು. ಗುರಿಗೆ ನೇರ ಆಗೋ ತನಕ ಬೆರಳು ಕುದುರೆ ಮೇಲೆ ಹೋಗಬಾರದು.

ಆಮೇಲೆ ನಾಣ್ಯದ ಪಾಠ. ಖಾಲಿ ರೈಫಲ್ಲಿನ ನಳಿಗೆ ತುದಿ ಮೇಲೆ ಒಂದು ರೂಪಾಯಿ ನಾಣ್ಯ ಇಡ್ತಾರೆ. ನಾವು ಉಸಿರು ಅರ್ಧ ಬಿಟ್ಟು, ಹಿಡಿದು, ಕುದುರೆ ಮೆತ್ತಗೆ ಒತ್ತಬೇಕು. ಟಕ್ ಅಂತ ಸದ್ದಾದಾಗ ನಾಣ್ಯ ಬಿದ್ರೆ ಕೈ ಅಲ್ಲಾಡಿತು ಅಂತ ಅರ್ಥ. ಕೇಳೋಕೆ ಮಕ್ಕಳಾಟ, ಆದ್ರೆ ಅರ್ಧ ಗಂಟೇಲಿ ತೋಳು ಬಿದ್ದೋಗುತ್ತೆ. ಗುರಿ ತಪ್ಪೋದು ಕಣ್ಣಿನಿಂದಕ್ಕಿಂತ ಬೆರಳಿನಿಂದ ಜಾಸ್ತಿ. ಇನ್ನೊಂದು, ನಮ್ಮ ಇನ್‌ಸ್ಪೆಕ್ಟರ್ ಹೇಳ್ದಂಗೆ ನಿಜವಾದ ಗುಂಡುಗಳ ಮಧ್ಯೆ ನಮಗೆ ಗೊತ್ತಾಗದಂಗೆ ಒಂದು ಸುಳ್ಳು ಗುಂಡು ಸೇರಿಸಿ ಕೊಡೋರು. ಸದ್ದಿಗೆ ಹೆದರಿ ಮೊದಲೇ ಭುಜ ಮುಂದಕ್ಕೆ ತಳ್ಳೋರು ಆ ಸುಳ್ಳು ಗುಂಡಿನಾಗೆ ಸಿಕ್ಕಾಕ್ಕಂಬಿಡೋರು. ಗುಂಡು ಹಾರಲ್ಲ, ಆದ್ರೂ ಬಂದೂಕು ಧುಮುಕುತ್ತೆ. ನಮ್ಮ ಬ್ಯಾಚಿನ ಒಬ್ಬ ಪೈಲ್ವಾನ್ ಹಿಂಗೆ ನಾಲ್ಕು ಸಲ ಧುಮುಕಿಸಿದ, ಎಲ್ಲಾರೂ ನಕ್ಕಿದ್ದೇ ನಕ್ಕಿದ್ದು.

ಪಿಸ್ತೂಲ್ ಇದಕ್ಕಿಂತ ಕಷ್ಟ. ರೈಫಲ್ ಭುಜಕ್ಕೆ ಕೂತಿರುತ್ತೆ. ಪಿಸ್ತೂಲಿಗೆ ಆಸರೆ ಎರಡು ಅಂಗೈ ಮಾತ್ರ. ನಳಿಗೆ ಗಿಡ್ಡ, ಕೈ ಒಂಚೂರು ಅಲ್ಲಾಡಿದ್ರೆ ಗುಂಡು ಎಲ್ಲಿಗೋ. ವಿಡಿಯೋದೋರು ಒಂದು ಸೆಕೆಂಡಿನಾಗೆ ಎಳೆದು ಹೊಡೀತಾರಲ್ಲ, ಅವ್ರು ಆ ಒಂದು ಸೆಕೆಂಡನ್ನ ತುಂಡು ತುಂಡು ಮಾಡಿ ಕಲ್ತಿರ್ತಾರೆ. ಅಂಗಿ ಸರಿಸೋದು ಒಂದು, ಹಿಡಿ ಹಿಡಿಯೋದು ಒಂದು, ಮೇಲಕ್ಕೆ ಎತ್ತೋದು, ಇನ್ನೊಂದು ಕೈ ಸೇರಿಸೋದು, ಗುರಿಕಡ್ಡಿ ನೋಡೋದು. ಒಂದೊಂದನ್ನೂ ನಿಧಾನವಾಗಿ ನೂರಾರು ಸಲ, ಖಾಲಿ ಪಿಸ್ತೂಲಿನಲ್ಲಿ. ರೊಟ್ಟಿ ತಟ್ಟೋದು ಕಲ್ತಂಗೆ ಅನ್ಕಳಿ, ಕೈ ತಾನೇ ತಿರುಗೋ ತನಕ. ಅದೂ ಗುಂಡಿನ ಡಬ್ಬಿ ಬೇರೆ ರೂಮಿನಾಗೆ ಇಟ್ಟು ಬಾಗಿಲು ಹಾಕಿದ ಮೇಲೆ.

ಖಾಲಿ ಅಭ್ಯಾಸವೇ ಯಾಕೆ ಅಂದ್ರೆ, ನಮ್ಮಲ್ಲಿ ವರ್ಷಕ್ಕೆ ಎಷ್ಟು ಗುಂಡು ಕೊಳ್ಳಬಹುದು ಅಂತ ಲೈಸೆನ್ಸಿನಲ್ಲೇ ಬರೆದಿರ್ತಾರೆ. ಚುನಾವಣೆ ಬಂದ್ರೆ ಸ್ಟೇಷನ್ನಿಗೆ ಠೇವಣಿ ಇಡು ಅಂತಾರೆ. 2016ರ ನಿಯಮದಂತೆ ಲೈಸೆನ್ಸಿಗೆ ತರಬೇತಿ ಸರ್ಟಿಫಿಕೇಟ್ ಬೇಕು, ಭದ್ರವಾಗಿ ಇಡ್ತೀನಿ ಅಂತ ಬರ್ಕೊಡಬೇಕು. ಸರ್ಟಿಫಿಕೇಟ್ ಬಂದ ಮೇಲೆ ಕೈ ತುಕ್ಕು ಹಿಡಿದ್ರೆ ಯಾರೂ ಕೇಳಲ್ಲ. ನನ್ನ ತಕರಾರು ಇರೋದೇ ಅಲ್ಲಿ.

ಇನ್ನು ಕಾನೂನು. ನಮ್ಮ ಜೀವಕ್ಕೆ ಅಪಾಯ ಬಂದಾಗ ತಡೆಯೋ ಹಕ್ಕು ಐತೆ. ಈಗಿನ ಭಾರತೀಯ ನ್ಯಾಯ ಸಂಹಿತೇಲಿ 34ರಿಂದ 44ನೇ ಕಲಮಿನ ತನಕ ಅದೇ ವಿಷಯ. ಆದ್ರೆ ಬೇಕಾದ್ದಕ್ಕಿಂತ ಜಾಸ್ತಿ ಏಟು ಕೊಡಂಗಿಲ್ಲ, ಪೊಲೀಸರನ್ನ ಕರೆಯೋಕೆ ಪುರಸೊತ್ತು ಇದ್ರೆ ಆ ಹಕ್ಕೇ ಇಲ್ಲ. ಸರ ಕಿತ್ಕಂಡು ಬೈಕಿನಾಗೆ ದೂರ ಓಡಿಹೋಗ್ತಿರೋನ ಬೆನ್ನಿಗೆ ಹೊಡೆದ್ರೆ ಜೈಲಿಗೆ ಹೋಗೋನು ನಮ್ಮ ಮೈದುನ. ಅದನ್ನ ಆ ಅರೆಕ್ಷಣದಾಗೆ ಯೋಚನೆ ಮಾಡ್ಬೇಕಲ್ಲ? ಹೊಡೆಯೋ ಅಭ್ಯಾಸದಷ್ಟೇ ಹೊಡೆಯದೆ ಇರೋ ಅಭ್ಯಾಸನೂ ಬೇಕು. ಮೇಲೆ ನಮ್ಮ ಬಿಲ್ಡಿಂಗಿನಾಗೆ ಹಾಲಿಗೆ ಹಾಲು ಅಂಟ್ಕಂಡೈತೆ. ತಪ್ಪಿದ ಗುಂಡು ಕಿಟಕಿ ದಾಟಿದ್ರೆ ಎದುರು ಮನೆ ತೊಟ್ಟಿಲು.

ಮೂರನೇ ಮಹಡೀಲಿ ಕೊಡಗಿನ ಅಕ್ಕ ಅವ್ರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ ಅನ್ನೋ ವಿನಾಯಿತಿ ಐತೆ, ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸೈತೆ. ಸೆಪ್ಟೆಂಬರಿನಾಗೆ ಕೈಲ್ ಪೊಳ್ದ್ ಹಬ್ಬಕ್ಕೆ ಅವ್ರು ಊರಿಗೆ ಹೋಗಿ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯೋ ಪೈಪೋಟೀಲಿ ತಾವೂ ನಿಂತ್ಕತಾರೆ. ನಾನು ಅವ್ರನ್ನ ಕೇಳ್ದೆ, ಇಲ್ಲಿಗ್ಯಾಕೆ ತಂದಿಲ್ಲ ಅಂತ. "ಇಲ್ಲಿ ಅದಕ್ಕೆ ಏನು ಕೆಲಸ?" ಅಂದ್ರು. ಕೋವಿ ಜೊತೇಲೇ ಬೆಳೆದೋರು ಹಿಂಗಂತಾರೆ, ವಿಡಿಯೋ ನೋಡಿದೋರು ಹಂಗಂತಾರೆ.

ಈಗ ನಮ್ಮ ವಿಷಯ, ಹೆಂಗಸರದ್ದು. ಲೈಸೆನ್ಸ್ ಗಂಡನ ಹೆಸರಲ್ಲಿರುತ್ತೆ, ಪಿಸ್ತೂಲ್ ಇರೋದು ಬೀರುನಾಗೆ. ಬೀರು ಒರೆಸೋರು ಯಾರು? ಸೀರೆ ಮಡಿಕೆ ಅಡಿಯಿಂದ ಅದನ್ನ ಎತ್ತಿಡೋರು ಯಾರು? ಸ್ಕೂಲಿಂದ ಮೂರೂವರೆಗೆ ಬರೋ ಹದಿನಾಲ್ಕು ವರ್ಷದ ಹುಡುಗ ಬೀಗದಕೈ ಎಲ್ಲೈತೆ ಅಂತ ಹುಡುಕೋವಾಗ ಮನೇಲಿರೋರು ಯಾರು? ಅದರಾಗೆ ಗುಂಡು ಐತೋ ಇಲ್ಲವೋ ಅಂತ ನೋಡೋಕೆ ಬರದೇ ಇರೋ ಹೆಂಗಸಿನ ಕೈಗೆ ಆ ಬೀರು ಕೊಡೋದು ಯಾವ ನ್ಯಾಯ? ಇದು ನಮಗ್ಯಾಕೆ ಅಂತ ಸುಮ್ಮನಿರೋ ಅತ್ತಿಗೆದೀರ ಮೇಲೆ ನನಗೆ ಬೇಜಾರು.

ಅದ್ಕೇ ನಾನೂ ಓರಗಿತ್ತೀನೂ ಮೈದುನನಿಗೆ ಹೇಳಿದೀವಿ. ಅವಳು ತರಬೇತಿ ಮುಗಿಸಿ, ಬಿಚ್ಚಿ ಖಾಲಿ ಮಾಡೋದು ಕಲಿಯೋ ತನಕ ಮನೆ ವಿಳಾಸದಾಗೆ ಅರ್ಜಿ ಹಾಕಂಗಿಲ್ಲ. ಗೋಡೆಗೆ ಬೋಲ್ಟ್ ಮಾಡಿದ ಕಬ್ಬಿಣದ ಪೆಟ್ಟಿಗೆ ಬೇಕು, ಗುಂಡಿಗೆ ಬೇರೆ ಪೆಟ್ಟಿಗೆ. ದಿನಾ ಹದಿನೈದು ನಿಮಿಷ ಖಾಲಿ ಅಭ್ಯಾಸ, ಮೂರು ತಿಂಗಳು ತಪ್ಪಿಸದೆ ಮಾಡಿ ತೋರಿಸ್ಬೇಕು. ತರಬೇತಿಗೆ ಬೇಕಾದ್ರೆ ಲೈಸೆನ್ಸ್ ಬೇಡದ.177 ಏರ್ ರೈಫಲ್ ತಗಳ್ಳಿ. ಅಲ್ಲಿ ತನಕ ಶಟರ್ ಎಂಟೂವರೆಗೆ ಎಳೆಯೋದು, ಪಕ್ಕದ ಶೆಡ್ಡಿನೋರ ಜೊತೆ ಗುಂಪಾಗಿ ಹೊರಡೋದು. ಮನೇಲೂ ಒಂದು ಅಭ್ಯಾಸ ಶುರು ಮಾಡಿದೀವಿ: ಬಾಗಿಲು ಬಡಿದ್ರೆ ಅತ್ತೆ ಮಕ್ಕಳನ್ನ ಒಳ ರೂಮಿಗೆ ಕರ್ಕಂಡೋಗಿ ಚಿಲಕ ಹಾಕೋದು, ನಾನು 112ಕ್ಕೆ ಫೋನ್ ಮಾಡೋದು, ಓರಗಿತ್ತಿ ಮೆಟ್ಟಿಲ ಲೈಟು ಹಾಕೋದು. ಮೊದಲ ಸಲ ಮಾಡ್ದಾಗ ಅತ್ತೆ ಕನ್ನಡಕ ಹುಡುಕೋದರಾಗೆ ಎರಡು ನಿಮಿಷ ಹೋಯ್ತು. ಈಗ ಕನ್ನಡಕ ದಿಂಬಿನ ಪಕ್ಕ ಐತೆ.

ಮೈದುನ ಮುಖ ಊದಿಸ್ಕಂಡವ್ನೆ. ಓರಗಿತ್ತಿ ಮಾತ್ರ ಮುಂದಿನ ತರಬೇತಿಗೆ ಆಧಾರ್ ಜೆರಾಕ್ಸು, ಫೋಟೋ ಎಲ್ಲಾ ಕೊಟ್ಟು ಬಂದವ್ಳೆ. ನಿಮ್ಮ ಮನೇಲಿ ಈ ಮಾತು ಎದ್ದಿದ್ರೆ ನೀವೂ ಅವಳ ಜೊತೆ ಹೋಗ್ಬಹುದು, ಒಬ್ಳೇ ಹೋಗೋಕೆ ಬೇಜಾರು ಅಂತಿದ್ಲು.